ಕೇಳಿ, ಹೇಳ್ತೀನಿ: ಈ ಸಲ ಬರೀ ಸಂತೆ ಮಾತು

ಎರಡು ಸಂಚಿಕೆ ಹಿಂದೆ ಯಾರಿಗೋ ಉತ್ತರ ಬರೀತಾ "ವಾರಕ್ಕೊಂದ್ಸಲ ಬೀದೀಲಿ ಸಂತೆ ಸೇರತ್ತಲ್ಲ, ಅಲ್ಲಿ ತಗೊಳ್ಳಿ" ಅಂತ ಒಂದೇ ಒಂದು ಸಾಲು ಹಾಕಿದ್ದೆ. ಅಷ್ಟಕ್ಕೇ ಇಷ್ಟು ಕಾಗದ ಬಂದಿವೆ. ಸಂತೆ ಇಷ್ಟಪಡೋರು, ಸಂತೆ ಕಂಡ್ರೆ ಉರ್ಕೊಳ್ಳೋರು, ಸಂತೆಗೆ ಹೋಗೋಕೆ ಹೆದರೋರು, ಎಲ್ಲಾ ಥರದವರೂ ಇದ್ದಾರೆ. ಸಿಕ್ಕಿದ್ದನ್ನೆಲ್ಲ ಉತ್ತರಿಸೋಕಾಗಲ್ಲ, ಜಾಸ್ತಿ ಜನ ಕೇಳಿದ್ದನ್ನ ಆರಿಸ್ಕೊಂಡಿದೀನಿ.

ಪ್ರಶ್ನೆ: ಅಕ್ಕಾ, ನಾವು ದೊಡ್ಡ ಸಿಟಿಗೆ ಬಂದು ಮೂರು ತಿಂಗಳು. ಮನೆ ಹಿಂದಿನ ಬೀದೀಲೇ ವಾರಕ್ಕೊಂದಿನ ಸಂತೆ ಆಗತ್ತೆ. ಎರಡು ಸಲ ಹೋದೆ, ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದು ಸುಮ್ನೆ ವಾಪಸ್ ಬಂದೆ. ಎಲ್ರೂ ಒಟ್ಟಿಗೇ ಕೂಗ್ತಾರೆ, ಎಲ್ಲಿ ನಿಲ್ಲೋದು, ಯಾರ ಹತ್ರ ತಗೊಳ್ಳೋದು ಅಂತಾನೇ ಗೊತ್ತಾಗಲ್ಲ.
— ಖಾಲಿ ಚೀಲದವಳು

ಉತ್ತರ: ಹೋದ ಪುಟ್ಟ ಬಂದ ಪುಟ್ಟ ಆಯ್ತು ಅಂತ ಬೇಜಾರಾಗ್ಬೇಡಿ. ನೀವು ಗೊತ್ತಿಲ್ದೇನೇ ಅರ್ಧ ಕೆಲಸ ಸರಿಯಾಗಿ ಮಾಡಿದೀರ. ಮೊದಲನೇ ಸುತ್ತು ಯಾವಾಗ್ಲೂ ಬರೀ ನೋಡೋಕೆ. ಚೀಲ ಮಡಚಿ ಕಂಕುಳಲ್ಲಿ ಇಟ್ಕೊಂಡು ಒಂದು ಬದಿ ಹೋಗಿ ಇನ್ನೊಂದು ಬದಿ ಬನ್ನಿ, ನಿಮಗೆ ಬೇಕಾಗಿರೋ ಮೂರೋ ನಾಲ್ಕೋ ಪದಾರ್ಥದ ರೇಟು ಮಾತ್ರ ಕಿವಿಗೆ ಹಾಕ್ಕೊಳ್ಳಿ, ಎಲ್ಲದರ ರೇಟೂ ನೆನಪಿಟ್ಕೊಳ್ತೀನಿ ಅಂತ ಹೊರಟ್ರೆ ತಲೆ ಕೆಟ್ಟು ಮತ್ತೆ ಖಾಲಿ ಚೀಲಾನೇ. ಆ ಕೂಗಾಟಾನೂ ನಿಮ್ಮನ್ನ ಬೆದರಿಸೋಕಲ್ಲ, ಅದೇ ಅವರ ಬೋರ್ಡು. ಐದು ನಿಮಿಷ ಕೇಳಿದ್ರೆ ಇವತ್ತು ಯಾವುದು ರಾಶಿ ರಾಶಿ ಬಂದಿದೆ ಅಂತ ತಿಳಿದುಹೋಗತ್ತೆ, ಯಾಕಂದ್ರೆ ಜಾಸ್ತಿ ಬಂದಿದ್ದನ್ನೇ ಜಾಸ್ತಿ ಜನ ಕೂಗ್ತಾರೆ.

ಎರಡನೇ ಸುತ್ತಲ್ಲಿ ರಾಶಿ ನೋಡ್ಬೇಡಿ, ರಾಶಿಯ ಬುಡ ನೋಡಿ. ಮೇಲೆ ಜೋಡಿಸಿರೋದು ಶೋಕೇಸು. ಕೆಳಗಿನ ಸಾಲು ಜಜ್ಜಿಹೋಗಿದ್ಯಾ, ಟಾರ್ಪಾಲ್ ಮೇಲೆ ರಸ ಇಳಿದಿದ್ಯಾ ನೋಡಿದ್ರೆ ಸಾಕು. ಆಮೇಲೆ ಬೇಗ ಬೇಗ ಕರಗ್ತಿರೋ ರಾಶಿ ಯಾವುದು ಅಂತ ಗಮನಿಸಿ. ಅಕ್ಕಪಕ್ಕದ ಮನೆಯವರು ಒಂದೇ ಕಡೆ ಮುಗಿಬಿದ್ದಿದ್ರೆ ಅದಕ್ಕೊಂದು ಕಾರಣ ಇದ್ದೇ ಇರತ್ತೆ, ಅವರು ನಿಮಗಿಂತ ನೂರು ವಾರ ಮುಂಚೆ ಬಂದೋರು.

ಇನ್ನು ಭಾರದ ಸಮಸ್ಯೆ. ಆಲೂಗಡ್ಡೆ ಈರುಳ್ಳಿ ಮೊದಲೇ ತಗೊಂಡ್ರೆ ಇಡೀ ಸಂತೆ ಹೊತ್ಕೊಂಡು ತಿರುಗ್ಬೇಕು, ಕೊನೇಲಿ ತಗೊಂಡ್ರೆ ಅದು ಟೊಮೇಟೊ ಮೇಲೆ ಕೂರತ್ತೆ. ಇದಕ್ಕೆ ನಾನು ಇಷ್ಟು ವರ್ಷದಲ್ಲಿ ಕಂಡ್ಕೊಂಡ ಉಪಾಯ ಎರಡು ಚೀಲ, ಅಷ್ಟೇ. ಭಾರದ್ದು ಒಂದು, ಮೆತ್ತಗಿರೋದು ಒಂದು. ಮತ್ತೆ ಚಿಲ್ಲರೆ. ಬೆಳಗ್ಗೆ ಬೆಳಗ್ಗೇನೇ ದೊಡ್ಡ ನೋಟು ಚಾಚಿದ್ರೆ ಎಂಥಾ ಒಳ್ಳೇ ವ್ಯಾಪಾರಿ ಮುಖಾನೂ ಸಣ್ಣಗಾಗತ್ತೆ. ಮೊಬೈಲಲ್ಲಿ ಕಳಿಸ್ತೀನಿ ಅಂತ ಬರೀ ಕೈಯಲ್ಲಿ ಹೋಗ್ಬೇಡಿ, ಅಷ್ಟು ಜನ ಒಂದೇ ಬೀದೀಲಿ ಸೇರಿದಾಗ ನೆಟ್‌ವರ್ಕ್ ಕೈಕೊಡೋದು ಸರಿಯಾಗಿ ದುಡ್ಡು ಕೊಡೋ ಹೊತ್ತಿಗೇನೇ.

ಪ್ರಶ್ನೆ: ಬೆಳಗ್ಗೆ ಬೇಗ ಹೋದ್ರೆ ಒಳ್ಳೇದು ಅಂತ ಅತ್ತೆ, ಮುಗಿಯೋ ಹೊತ್ತಿಗೆ ಹೋದ್ರೆ ಅಗ್ಗ ಅಂತ ನಮ್ಮನೆಯವರು. ಪ್ರತಿ ವಾರ ಇದೇ ಜಗಳ. ನೀವೇ ತೀರ್ಪು ಕೊಡಿ ಅಕ್ಕ.
— ಮಧ್ಯದಲ್ಲಿ ಸಿಕ್ಕಿಹಾಕ್ಕೊಂಡವಳು

ಉತ್ತರ: ಇಬ್ರೂ ಸರಿ, ಆದ್ರೆ ಇಬ್ರೂ ಬೇರೆ ಬೇರೆ ಸಂತೆ ಬಗ್ಗೆ ಮಾತಾಡ್ತಿದಾರೆ. ಬೆಳಗಿನ ಸಂತೇನೇ ಬೇರೆ, ಮುಗಿಯೋ ಹೊತ್ತಿನ ಸಂತೇನೇ ಬೇರೆ. ಅದೇ ಬೀದಿ, ಅದೇ ಜನ, ಆದ್ರೆ ಆ ಹೊತ್ತಿಗೆ ಎದುರಿಗೆ ಕೂತಿರೋ ವ್ಯಾಪಾರಿ ತಲೇಲಿ ಓಡ್ತಿರೋ ಲೆಕ್ಕ ಬೇರೆ.

ಬೆಳಗ್ಗೆ ಅವನ ಹತ್ರ ಮಾಲೂ ಇದೆ, ಟೈಮೂ ಇದೆ. ನೀವು ತಗೊಳ್ಳದಿದ್ರೆ ಹಿಂದೆ ಬರೋರು ತಗೋತಾರೆ ಅನ್ನೋ ಧೈರ್ಯ. ಅದಕ್ಕೆ ರೇಟು ಇಳಿಸಲ್ಲ, ಆದ್ರೆ ಆರಿಸಿಕೊಳ್ಳೋಕೆ ಬಿಡ್ತಾನೆ. ಸಂಜೆ ಆಗ್ತಾ ಆಗ್ತಾ ಅವನ ಲೆಕ್ಕ ತಿರುಗಾಮುರುಗಾ. ಉಳಿದಿದ್ದನ್ನ ಮತ್ತೆ ಕಟ್ಟಬೇಕು, ಗಾಡಿಗೆ ಏರಿಸ್ಬೇಕು, ನಾಳೆ ಇನ್ನೊಂದು ಬಡಾವಣೇಲಿ ಇಳಿಸ್ಬೇಕು, ಅಷ್ಟರಲ್ಲಿ ಸೊಪ್ಪು ಬಾಡಿರತ್ತೆ ಹಣ್ಣು ಮೆತ್ತಗಾಗಿರತ್ತೆ, ಅದಕ್ಕಿಂತ ಬಂದಷ್ಟು ಬರಲಿ ಅಂತ ಕೊಟ್ಟುಬಿಡೋದೇ ಲಾಭ. ಇದು ಬೇರೆ ದೇಶದ ಸಂತೇಲೂ ಇದೆ. ಬ್ರೆಜಿಲ್‌ನಲ್ಲಿ ಬೀದಿ ಸಂತೆ ಮುಗಿಯೋ ಹೊತ್ತಿನ ಈ ಅಗ್ಗದ ವ್ಯಾಪಾರಕ್ಕೆ 'ಶೇಪಾ' ಅಂತ ಹೆಸರೇ ಇದೆ, ಅದಕ್ಕಂತಲೇ ಕಾದು ಬರೋ ಜನ ಇದಾರೆ.

ಹಾಗಾದ್ರೆ ಯಾವುದಕ್ಕೆ ಯಾವಾಗ ಹೋಗ್ಬೇಕು? ಸೊಪ್ಪು ಬೆಳಗ್ಗೆ, ಅದರಲ್ಲಿ ಎರಡನೇ ಮಾತಿಲ್ಲ. ಕಿತ್ತ ಮೇಲೂ ಎಲೆ ಉಸಿರಾಡ್ತಾನೇ ಇರತ್ತೆ, ನೀರು ಬಿಡ್ತಾನೇ ಇರತ್ತೆ, ಬಿಸಿಲಲ್ಲಿ ನಾಲ್ಕು ಗಂಟೆ ಕೂತ್ರೆ ಅದರ ಕತೆ ಮುಗೀತು. ಮಧ್ಯೆ ಮಧ್ಯೆ ನೀರು ಚಿಮುಕಿಸ್ತಾರಲ್ಲ, ಅದು ಎಲೆ ತಣ್ಣಗಿಡತ್ತೆ ನಿಜ, ತೂಕಕ್ಕೆ ಮಾರೋರಾದ್ರೆ ನೀರಿಗೂ ದುಡ್ಡು ಕೊಡ್ತೀರ ಅನ್ನೋದೂ ನಿಜ, ತಗೊಳ್ಳೋ ಮುಂಚೆ ಕಟ್ಟನ್ನ ಒಂದ್ಸಲ ಜೋರಾಗಿ ಒದರಿಬಿಡಿ. ಆಲೂಗಡ್ಡೆ, ಈರುಳ್ಳಿ, ಕುಂಬಳಕಾಯಿ, ಗೆಣಸು ಇಂಥವಕ್ಕೆ ಗಡಿಯಾರದ ಹಂಗಿಲ್ಲ, ಬೆಳಗ್ಗೆ ಚೆನ್ನಾಗಿದ್ದಿದ್ದು ಸಂಜೇನೂ ಚೆನ್ನಾಗೇ ಇರತ್ತೆ, ಹಾಗಾಗಿ ನಿಮ್ಮನೆಯವರನ್ನ ಸಂಜೆ ಅದಕ್ಕೇ ಕಳಿಸಿ. ಅತ್ತೆ ಬೆಳಗ್ಗೆ ಹೋಗ್ಲಿ, ಅವರು ಸಂಜೆ ಹೋಗ್ಲಿ, ನೀವು ಮನೇಲಿ ಕಾಲು ಚಾಚಿ ಕೂತ್ಕೊಳ್ಳಿ.

ಸಂಜೆ ಹೋಗೋರಿಗೆ ನನ್ನದೊಂದು ಅನುಭವ ಹೇಳ್ಬೇಕು. ಒಂದ್ಸಲ ಕತ್ತಲಾಗೋ ಹೊತ್ತಿಗೆ ಒಬ್ಬರು ಕ್ರೇಟ್ ಸಮೇತ ಟೊಮೇಟೊ ತಗೊಂಡು ಹೋಗಿ ಅಂದ್ರು, ಕೇಳಿದ ರೇಟಿಗೆ ನನಗೆ ತಲೆ ತಿರುಗಿ ಹಿಂದೆ ಮುಂದೆ ನೋಡದೆ ಹೊತ್ಕೊಂಡು ಬಂದೆ, ಮನೇಲಿ ದೀಪದ ಬೆಳಕಲ್ಲಿ ಸುರುವಿದ್ರೆ ಮೇಲಿನ ಎರಡು ಸಾಲು ಬಿಟ್ಟು ಮಿಕ್ಕಿದ್ದೆಲ್ಲ ಒಡೆದಿತ್ತು. ರಾತ್ರಿ ಒಂದು ಗಂಟೆವರೆಗೂ ಕುದಿಸಿ ಗೊಜ್ಜು ಮಾಡಿದ್ದಾಯ್ತು, ಗ್ಯಾಸ್ ಖರ್ಚು ಸೇರಿಸಿದ್ರೆ ಬೆಳಗ್ಗೇನೇ ತಗೊಂಡಿದ್ರೆ ಆಗ್ತಿತ್ತು. ಅದರಲ್ಲಿ ಅವರ ತಪ್ಪಿಲ್ಲ, ಕತ್ತಲಲ್ಲಿ ಕೊಂಡಿದ್ದು ನಾನು. ಅವತ್ತಿಂದ ಸಂಜೆ ವ್ಯಾಪಾರಕ್ಕೆ ಒಂದೇ ರೂಲ್ ಇಟ್ಕೊಂಡಿದೀನಿ: ಬೇಗ ಕೆಡೋ ಪದಾರ್ಥ ಆದ್ರೆ ಅವತ್ತು ರಾತ್ರಿ ಅಥವಾ ಮಾರನೇ ದಿನ ಒಲೆ ಮೇಲೆ ಹೋಗೋದನ್ನ ಮಾತ್ರ ತಗೊಳ್ಳೋದು, ಮೊಬೈಲ್ ಟಾರ್ಚ್ ಬಿಟ್ಟು ನೋಡಿ ತಗೊಳ್ಳೋದು. ನಾಚಿಕೆ ಏನಿಲ್ಲ.

ಪ್ರಶ್ನೆ: ನನ್ನ ಮಗಳು ಆರನೇ ಕ್ಲಾಸು. "ಸಂತೆ ಯಾಕೆ ವಾರಕ್ಕೊಂದೇ ದಿನ, ಅಂಗಡಿ ಥರ ದಿನಾ ಯಾಕಿಲ್ಲ" ಅಂತ ಕೇಳಿದ್ಲು. ಉತ್ತರ ಹೊಳೀಲಿಲ್ಲ.
— ಮಗಳ ಮುಂದೆ ಸೋತ ಅಪ್ಪ

ಉತ್ತರ: ಒಳ್ಳೇ ಪ್ರಶ್ನೆ, ಮಗೂಗೆ ನನ್ನ ಕಡೆಯಿಂದ ಶಭಾಷ್ ಹೇಳಿ. ಉತ್ತರ ಹೀಗೆ: ಒಂದು ಬಡಾವಣೆಯವರು ಒಂದು ದಿನಕ್ಕೆ ತಗೊಳ್ಳೋ ಪೊರಕೆ, ಸೂಜಿ ದಾರ, ಹಳೇ ಪಾತ್ರೆಗೆ ಹಿಡಿ, ಇಷ್ಟರಿಂದ ಒಬ್ಬನ ಹೊಟ್ಟೆ ತುಂಬಲ್ಲ. ಆದ್ರೆ ಅದೇ ಜನ ಏಳು ದಿನ ಕಾದು ಒಂದೇ ದಿನ ಕೊಂಡ್ರೆ ತುಂಬತ್ತೆ. ಹಾಗಾಗಿ ವ್ಯಾಪಾರಿ ಏಳು ಬೀದಿ ಹಿಡೀತಾನೆ, ದಿನಕ್ಕೊಂದು. ನಮಗೆ ವಾರಕ್ಕೊಂದ್ಸಲ ಕಾಣೋ ಸಂತೆ ಅವನ ಪಾಲಿಗೆ ದಿನಾ ಇರತ್ತೆ, ಬೀದಿ ಮಾತ್ರ ಬದಲಾಗತ್ತೆ. ಅಂಗಡಿಗೆ ಗಿರಾಕಿ ನಡ್ಕೊಂಡು ಬರ್ಬೇಕು, ಸಂತೇಲಿ ಅಂಗಡೀನೇ ನಡ್ಕೊಂಡು ಬರತ್ತೆ.

ಇದನ್ನ ಚೆನ್ನಾಗಿ ಲೆಕ್ಕ ಹಾಕಿ ತೋರಿಸಿದವರು ಅಮೆರಿಕದ ಮಾನವಶಾಸ್ತ್ರಜ್ಞ ವಿಲಿಯಂ ಸ್ಕಿನ್ನರ್, 1964-65ರಲ್ಲಿ, ಚೀನಾದ ಹಳ್ಳಿ ಸಂತೆಗಳ ಬಗ್ಗೆ. ಅಲ್ಲಿ ಹತ್ತು ದಿನದ ಚಕ್ರ. ಒಂದು ಊರಲ್ಲಿ 1, 4, 7ನೇ ದಿನ ಸಂತೆ ಆದ್ರೆ ಪಕ್ಕದ್ದರಲ್ಲಿ 2, 5, 8, ಮತ್ತೊಂದರಲ್ಲಿ 3, 6, 9. ಒಂದಕ್ಕೊಂದು ಡಿಕ್ಕಿ ಹೊಡೆಯೋ ಹಾಗಿಲ್ಲ. ಮಗಳಿಗೆ ಇನ್ನೂ ಮಜಾ ಬೇಕಿದ್ರೆ ಇದನ್ನ ಹೇಳಿ: ವಾರ ಅಂದ್ರೆ ಏಳೇ ದಿನ ಇರ್ಬೇಕು ಅಂತೇನಿಲ್ಲ. ಹಳೇ ರೋಮನ್ನರ ಸಂತೆ ಎಂಟು ದಿನಕ್ಕೊಂದ್ಸಲ ಬರ್ತಿತ್ತು, ನೈಜೀರಿಯಾದ ಇಗ್ಬೊ ಜನರದ್ದು ನಾಲ್ಕೇ ದಿನದ ಸಂತೆ ವಾರ, ಎಕೆ, ಓರಿಯೆ, ಅಫೋ, ಎನ್‌ಕ್ವೊ ಅಂತ ನಾಲ್ಕು ಹೆಸರು, ಊರೂರಲ್ಲಿ ಸಂತೆಗೂ ಅದೇ ಹೆಸರು. ಟರ್ಕಿ ಭಾಷೇಲಿ ಭಾನುವಾರಕ್ಕೆ 'ಪಜಾರ್' ಅಂತಾರೆ, ಅಂದ್ರೆ ಸಂತೆ; ಸೋಮವಾರಕ್ಕೆ 'ಪಜಾರ್‌ತೆಸಿ', ಸಂತೆ ಮಾರನೇ ದಿನ. ಹಂಗೇರಿಯವರ ಭಾನುವಾರದ ಹೆಸರೂ ಸಂತೆ ದಿನ ಅಂತಾನೇ. ಪೋರ್ಚುಗೀಸ್‌ನಲ್ಲಿ ಸೋಮವಾರದಿಂದ ಶುಕ್ರವಾರದವರೆಗೆ ಎಲ್ಲದರ ಬಾಲದಲ್ಲೂ 'ಫೇಯ್ರಾ' ಅಂತ ಇರತ್ತೆ, ಅದು ಹಬ್ಬದ ದಿನ ಅನ್ನೋ ಲ್ಯಾಟಿನ್ ಮಾತಿಂದ ಬಂದಿದ್ದು, ಈಗ ಸಂತೆಗೂ ಅದೇ ಪದ. ಕ್ಯಾಲೆಂಡರ್ ನೋಡಿ ಸಂತೆಗೆ ಹೋಗ್ತೀವಿ ಅನ್ಕೊಂಡಿದೀವಲ್ಲ, ಸುಮಾರು ಕಡೆ ಸಂತೆ ನೋಡಿ ಕ್ಯಾಲೆಂಡರ್ ಬರೆದಿದಾರೆ.

ಪ್ರಶ್ನೆ: ತೂಕದಲ್ಲಿ ಮೋಸ ಆಗ್ತಿದೆ ಅಂತ ನನಗೆ ಯಾವಾಗ್ಲೂ ಅನುಮಾನ. ಮನೆಗೆ ಬಂದು ನೋಡಿದ್ರೆ ಒಂದು ಕೆಜಿ ಅಂದಿದ್ದು ಕಮ್ಮಿ ಇರತ್ತೆ. ಅಲ್ಲೇ ಜಗಳ ಆಡೋಕೆ ಸಾಕ್ಷಿ ಬೇಕಲ್ಲ?
— ತೂಗಿ ನೋಡುವವ

ಉತ್ತರ: ಸಾಕ್ಷಿ ನಿಮ್ಮ ಚೀಲದಲ್ಲೇ ಇಟ್ಕೊಂಡು ಹೋಗ್ಬಹುದು. ಒಂದು ಲೀಟರ್ ನೀರು ಹೆಚ್ಚುಕಮ್ಮಿ ಸರಿಯಾಗಿ ಒಂದು ಕೆಜಿ. ತುಂಬಿದ ಬಾಟಲಿನ ಮನೇಲಿ ಒಂದ್ಸಲ ತೂಗಿ, ಬಾಟಲಿ ತೂಕಾನೂ ಸೇರಿ ಎಷ್ಟಾಯ್ತು ಅಂತ ಮಾರ್ಕರಲ್ಲಿ ಅದರ ಮೇಲೇ ಬರೆದುಬಿಡಿ. ಸಂತೇಲಿ ಅನುಮಾನ ಬಂದ್ರೆ "ಅಣ್ಣಾ, ಇದೊಂದು ಇಟ್ಟು ನೋಡ್ತೀನಿ" ಅಂತ ನಗುನಗ್ತಾ ತಕ್ಕಡಿ ಮೇಲೆ ಇಡಿ. ಒಂದು ಕೆಜಿ ನಲವತ್ತು ಗ್ರಾಂ ಇರಬೇಕಾದ್ದು ಒಂದು ಕೆಜಿ ಇನ್ನೂರು ಅಂತ ತೋರಿಸಿದ್ರೆ ಇಬ್ರಿಗೂ ಮಾತೇ ಬೇಕಾಗಲ್ಲ. ಬಾಯಾರಿದ್ರೆ ಕುಡಿಯೋಕೂ ಆಯ್ತು, ಆದ್ರೆ ತೂಗೋಕೆ ಮುಂಚೆ ಕುಡೀಬೇಡಿ!

ಆದ್ರೆ ಎಲ್ಲಾ ಕಮ್ಮಿ ತೂಕಾನೂ ಮೋಸ ಅಲ್ಲ ಅನ್ನೋದು ನೆನಪಿರ್ಲಿ. ಎಲೆಕ್ಟ್ರಾನಿಕ್ ತೂಕದ ಮಷೀನು ಸಮತಟ್ಟಾಗಿ ಕೂತಿರ್ಬೇಕು, ಫುಟ್‌ಪಾತ್ ಕಲ್ಲಿನ ಮೇಲೆ ಓರೆಯಾಗಿ ಇಟ್ಟಿದ್ರೆ ತಪ್ಪು ತೋರಿಸತ್ತೆ. ಬಹಳಷ್ಟು ಮಷೀನಲ್ಲಿ ಒಂದು ಪುಟ್ಟ ನೀರ್ಗುಳ್ಳೆ ಇರತ್ತೆ, ಅದು ವೃತ್ತದ ಮಧ್ಯಕ್ಕೆ ಬಂದಿದ್ಯಾ ನೋಡಿ. ಗಾಳಿ ಜೋರಾಗಿದ್ರೂ ಅಂಕಿ ಕುಣಿಯತ್ತೆ. ನೀವು ನೋಡ್ಲೇಬೇಕಾದ್ದು ಒಂದೇ ಕ್ಷಣ, ಮಾಲು ಹಾಕೋ ಮುಂಚಿನ ಕ್ಷಣ. ಖಾಲಿ ಬುಟ್ಟಿ ಇಟ್ಟಾಗ ಸೊನ್ನೆ ಇದ್ಯಾ? ಇಲ್ಲಾ ಬುಟ್ಟಿ ತೂಕಾನೂ ನಿಮ್ಮ ತಲೆ ಮೇಲೆ ಬರ್ತಿದ್ಯಾ? ಆಗ ನಾವು ಮೊಬೈಲ್ ನೋಡ್ತಿರ್ತೀವಿ ಇಲ್ಲಾ ಪರ್ಸ್ ಹುಡುಕ್ತಿರ್ತೀವಿ, ಆಮೇಲೆ ಮನೆಗೆ ಬಂದು ಕೊರಗ್ತೀವಿ. ಕೈತಕ್ಕಡಿ ಆದ್ರೆ ಎರಡೂ ತಟ್ಟೆ ಖಾಲಿ ಇದ್ದಾಗ ಮುಳ್ಳು ನೆಟ್ಟಗೆ ನಿಂತಿರ್ಬೇಕು, ತೂಕದ ಕಲ್ಲಿನ ಬದಲು ಜಲ್ಲಿ ಇಟ್ಟು ತೂಗೋರ ಹತ್ರ ತಗೊಳ್ಳೋಕೆ ಹೋಗ್ಬೇಡಿ.

ಈ ಅನುಮಾನಕ್ಕೆ ವಯಸ್ಸೂ ಜಾಸ್ತಿ ಬಿಡಿ. ಮೆಕ್ಸಿಕೊದಲ್ಲಿ ಅಜ್ಟೆಕ್ ಜನರ ತ್ಲತೆಲೋಲ್ಕೊ ಅನ್ನೋ ದೊಡ್ಡ ಸಂತೆ ಬಗ್ಗೆ ಸ್ಪೇನಿನ ದಂಡನಾಯಕ ಕೊರ್ಟೆಸ್ 1520ರಲ್ಲಿ ತನ್ನ ರಾಜನಿಗೆ ಕಾಗದ ಬರೆದಿದ್ದ. ದಿನಾ ಅರವತ್ತು ಸಾವಿರಕ್ಕಿಂತ ಜಾಸ್ತಿ ಜನ ಸೇರ್ತಾರೆ, ಸಂತೆಯಲ್ಲೇ ಒಂದು ಕಟ್ಟಡದಲ್ಲಿ ಹತ್ತು ಹನ್ನೆರಡು ಜನ ನ್ಯಾಯ ಹೇಳೋಕೆ ಕೂತಿರ್ತಾರೆ, ಅಳತೆ ಸರಿಯಿದ್ಯಾ ನೋಡೋಕೆ ಜನ ಸುತ್ತಾಡ್ತಿರ್ತಾರೆ, ಸುಳ್ಳು ಅಳತೆ ಸಿಕ್ರೆ ಅಲ್ಲೇ ಮುರಿದುಹಾಕ್ತಾರೆ ಅಂತ. ಮೆಕ್ಸಿಕೊದ ಬೀದಿ ಸಂತೆಗೆ ಈಗ್ಲೂ 'ತಿಯಾಂಗೀಸ್' ಅಂತಾನೇ ಹೆಸರು, ಅದು ಅಜ್ಟೆಕ್ ಜನರ ಭಾಷೆಯದ್ದೇ ಪದ.

ಪ್ರಶ್ನೆ: ಅಮ್ಮ ಚೌಕಾಸಿ ಶುರು ಮಾಡಿದ್ರೆ ನಾನು ನಾಲ್ಕು ಹೆಜ್ಜೆ ದೂರ ಹೋಗಿ ನಿಂತ್ಕೋತೀನಿ. ಶಾಪಿಂಗ್ ಮಾಲ್‌ನಲ್ಲಿ ಬಾಯಿ ಮುಚ್ಕೊಂಡು ಬಿಲ್ ಕಟ್ತೀವಿ, ಇಲ್ಲಿ ಬಿಸಿಲಲ್ಲಿ ಕೂತಿರೋರ ಹತ್ರ ಯಾಕೆ ಎಳೆದಾಡ್ಬೇಕು? ಅಮ್ಮನಿಗೆ ಹೇಳಿದ್ರೆ "ನಿನಗೇನು ಗೊತ್ತು" ಅಂತಾರೆ.
— ದೂರ ನಿಲ್ಲುವ ಮಗ

ಉತ್ತರ: ನಿನಗೆ ನೀನು ಅಂತಾನೇ ಹೇಳ್ತೀನಪ್ಪ, ಕೋಪ ಮಾಡ್ಕೋಬೇಡ. ನಿನ್ನ ಮನಸ್ಸು ಒಳ್ಳೇದು. ಆದ್ರೆ ನಿಮ್ಮಮ್ಮ ಹೇಳಿದ್ದರಲ್ಲೂ ಅರ್ಧ ಸತ್ಯ ಇದೆ.

ಚೌಕಾಸಿ ಅಂದ್ರೆ ಎಲ್ಲಾ ಒಂದೇ ಅಲ್ಲ. ಎದುರಿಗಿರೋನು ಜಾಸ್ತಿ ಹೇಳಿರೋದೇ ನೀವು ಇಳಿಸ್ತೀರಿ ಅಂತ ಲೆಕ್ಕ ಹಾಕಿ ಅನ್ನೋ ಜಾಗದಲ್ಲಿ, ಬಟ್ಟೆ, ಪಾತ್ರೆ, ಚಪ್ಪಲಿ, ಆಟದ ಸಾಮಾನು ಇಂಥ ಕಡೆ, ಕೇಳ್ದೇ ಇದ್ರೇನೇ ಅವನು ನಿನ್ನನ್ನ ಪೆದ್ದ ಅನ್ಕೋತಾನೆ. ಅಲ್ಲಿ ಅದು ಇಬ್ರೂ ಸೇರಿ ಆಡೋ ಆಟ. ತರಕಾರೀಲಿ ಅಷ್ಟು ಜಾಗ ಇರಲ್ಲ, ಬೆಳಗಿನ ಜಾವ ಸಗಟು ಮಾರ್ಕೆಟಲ್ಲಿ ಕೊಂಡು, ಗಾಡಿ ಬಾಡಿಗೆ ಕೊಟ್ಟು, ಕೊಳೆತಿದ್ದನ್ನ ಎಸೆದು, ಮೇಲೆ ಉಳಿಯೋದು ಬಹಳ ಸಣ್ಣ ಅಂಚು. ಅಲ್ಲಿ ರೇಟಿನ ಮೇಲೆ ಎಳೆದಾಡೋದಕ್ಕಿಂತ ಪ್ರಮಾಣದ ಮೇಲೆ ಕೇಳೋದು ಸರಿ. "ಎರಡು ಕೆಜಿ ತಗೋತೀನಿ, ಎಷ್ಟಕ್ಕೆ ಕೊಡ್ತೀರ" ಅನ್ನೋದು ಅವನಿಗೂ ಅನುಕೂಲ, ಕಾಲು ಕೆಜಿಗೆ ನಿಂತು ಹತ್ತು ನಿಮಿಷ ವಾದ ಮಾಡೋದು ಇಬ್ರಿಗೂ ನಷ್ಟ. ನಾಲ್ಕು ಕಟ್ಟು ಸೊಪ್ಪು ಇಟ್ಕೊಂಡು ಕೂತಿರೋ ಅಜ್ಜಿ ಹತ್ರ ಚೌಕಾಸಿ ಮಾಡೋರನ್ನ ಕಂಡ್ರೆ ನನಗೂ ನಾಲ್ಕು ಹೆಜ್ಜೆ ದೂರ ಹೋಗ್ಬೇಕು ಅನ್ಸತ್ತೆ, ಅದನ್ನ ಮುಚ್ಚಿಡಲ್ಲ.

ಕೆಲವು ಸಣ್ಣ ಮರ್ಯಾದೆ ಇವೆ. ತಗೊಳ್ಳೋ ಮನಸ್ಸಿಲ್ದೇ ರೇಟು ಕಚ್ಚಾಡ್ಬಾರ್ದು. ನೀನು ಹೇಳಿದ ರೇಟಿಗೆ ಅವನು ಹೂಂ ಅಂದ ಮೇಲೆ ಎದ್ದು ಹೋಗ್ಬಾರ್ದು. ಇನ್ನೊಬ್ಬರ ಮಾಲನ್ನ ಕೆಟ್ಟದ್ದು ಅಂತ ಬೈದು ಅದನ್ನೇ ಅಗ್ಗಕ್ಕೆ ಕೇಳೋದಂತೂ ನನಗೆ ಆಗಲ್ಲ, ಕೆಟ್ಟದ್ದಾಗಿದ್ರೆ ನಿನಗ್ಯಾಕೆ? ಟೊಮೇಟೊ ಒತ್ತಿ ಒತ್ತಿ ನೋಡೋದು ಬೇಡ, ನೀನು ಬಿಟ್ಟುಹೋಗಿದ್ದನ್ನ ಇನ್ಯಾರೋ ತಿನ್ಬೇಕು.

ಮತ್ತೆ ನಿಮ್ಮಮ್ಮನ ಅರ್ಧ ಸತ್ಯ ಏನಂದ್ರೆ, ಅವರು ಪ್ರತಿ ವಾರ ಅದೇ ನಾಲ್ಕು ಜನರ ಹತ್ರಾನೇ ತಗೋತಿರ್ತಾರೆ, ಗಮನಿಸು. ಆ ಎಳೆದಾಟ ಅವರಿಬ್ಬರ ನಡುವಿನ ಮಾತುಕತೆ. ಇವರು ಮುಂದಿನ ವಾರ ಬರ್ತಾರೆ ಅಂತ ಅವನಿಗೆ ಗೊತ್ತು, ಅವನು ಮುಂದಿನ ವಾರ ಅಲ್ಲೇ ಕೂರ್ತಾನೆ ಅಂತ ಇವರಿಗೆ ಗೊತ್ತು, ಅದಕ್ಕೇ ಕೊನೇಲಿ ಕೊಸರು ಬೀಳತ್ತೆ. ಕೊಸರು ಅಂದ್ರೆ ರಿಯಾಯಿತಿ ಅಲ್ಲ, ರಿಯಾಯಿತಿ ನಾವು ಕೇಳಿ ತಗೊಳ್ಳೋದು, ಕೊಸರು ಅವರಾಗೇ ಹಾಕೋದು, ಒಂದು ಹಿಡಿ ಹಸಿಮೆಣಸಿನಕಾಯಿ ಥರ. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟದ ಸಂತೆಗಳಲ್ಲಿ ಇದಕ್ಕೆ 'ಯಾಪಾ' ಅಂತಾರೆ, ಕೆಚುವಾ ಭಾಷೆಯ ಪದ, ಅದೇ ಪದ ಸ್ಪ್ಯಾನಿಷ್ ಬಾಯಿಗೆ ಬಿದ್ದು ಅಮೆರಿಕದ ನ್ಯೂ ಆರ್ಲಿಯನ್ಸ್ ತಲುಪೋ ಹೊತ್ತಿಗೆ 'ಲಾನ್ಯಾಪ್' ಆಗಿದೆ. ಒಂದು ಹಿಡಿ ಹಸಿಮೆಣಸಿನಕಾಯಿ ಅಷ್ಟು ದೂರ ಹೋಗಿದೆ ನೋಡು. ಈ ವಾರ ದೂರ ನಿಲ್ಬೇಡ, ಪಕ್ಕದಲ್ಲಿ ಚೀಲ ಹಿಡ್ಕೊಂಡು ನಿಂತು ಕೇಳಿಸ್ಕೋ.

ಪ್ರಶ್ನೆ: ವಾರಕ್ಕಾಗೋಷ್ಟು ಒಂದೇ ಸಲ ತರ್ತೀನಿ, ನಾಲ್ಕನೇ ದಿನಕ್ಕೆ ಅರ್ಧ ಕಸದ ಬುಟ್ಟಿಗೆ. ಫ್ರಿಜ್ ಇದ್ದೂ ಹೀಗಾದ್ರೆ ಏನು ಮಾಡೋದು?
— ಬಾಡಿದ ಸೊಪ್ಪಿನ ಒಡತಿ

ಉತ್ತರ: ತಪ್ಪು ಫ್ರಿಜ್‌ದಲ್ಲ, ಒಟ್ಟಿಗೆ ತುರುಕೋದ್ರದ್ದು. ಹಣ್ಣಾಗೋ ಹಣ್ಣು ಎಥಿಲೀನ್ ಅನ್ನೋ ಅನಿಲ ಬಿಡತ್ತೆ. 1901ರಲ್ಲಿ ನೆಲ್ಯುಬೊವ್ ಅನ್ನೋ ರಷ್ಯಾದ ವಿದ್ಯಾರ್ಥಿ, ಲ್ಯಾಬಲ್ಲಿ ದೀಪ ಉರಿಸೋ ಗ್ಯಾಸ್ ಇದ್ದಾಗ ಬಟಾಣಿ ಸಸಿ ಸೊಟ್ಟಗೆ ಬೆಳೆಯೋದ್ಯಾಕೆ ಅಂತ ತಲೆ ಕೆಡಿಸ್ಕೊಂಡು, ಕಾರಣ ಆ ಗ್ಯಾಸಲ್ಲಿದ್ದ ಈ ಎಥಿಲೀನ್ ಅಂತ ಕಂಡುಹಿಡಿದ. ಹಣ್ಣುಗಳೇ ಇದನ್ನ ತಯಾರಿಸ್ತಾವೆ ಅಂತ ಪಕ್ಕಾ ಆಗಿದ್ದು 1934ರಲ್ಲಿ. ನಮ್ಮ ಅಡುಗೆಮನೆಗೆ ಇದರ ಅರ್ಥ ಇಷ್ಟೇ: ಬಾಳೆ, ಸೇಬು, ಮಾವು, ಟೊಮೇಟೊ ಇವು ಅನಿಲ ಬಿಡೋ ಗುಂಪು, ಸೊಪ್ಪು, ಸೌತೆಕಾಯಿ, ಹೂಕೋಸು, ಕ್ಯಾರೆಟ್ ಇವು ಆ ಅನಿಲಕ್ಕೆ ಬೇಗ ಹಾಳಾಗೋ ಗುಂಪು. ಎರಡನ್ನೂ ಒಂದೇ ಬುಟ್ಟೀಲಿ ಇಟ್ರೆ ಸೊಪ್ಪು ಹಳದಿ ಆಗೋದು ಗ್ಯಾರಂಟಿ.

ಬಾಳೆಹಣ್ಣು ಫ್ರಿಜ್‌ಗೆ ಬೇಡ, ಸುಮಾರು 13 ಡಿಗ್ರಿಗಿಂತ ತಣ್ಣಗಾದ್ರೆ ಅದರ ಸಿಪ್ಪೆ ಕಪ್ಪಾಗತ್ತೆ. ಟೊಮೇಟೊನೂ ಪೂರ್ತಿ ಹಣ್ಣಾಗೋವರೆಗೆ ಹೊರಗೇ ಇರ್ಲಿ, ತಣ್ಣಗಿಟ್ರೆ ಘಮ ಹೋಗತ್ತೆ. ಕ್ಯಾರೆಟ್, ಮೂಲಂಗಿ ತಂದ ತಕ್ಷಣ ಮೇಲಿನ ಸೊಪ್ಪು ಕತ್ತರಿಸಿ ಬೇರೆ ಇಡಿ, ಇಲ್ಲಾಂದ್ರೆ ಎಲೆ ಗಡ್ಡೆಯ ನೀರನ್ನ ಎಳ್ಕೊಂಡು ಅದನ್ನ ರಬ್ಬರ್ ಮಾಡಿಬಿಡತ್ತೆ. ಆಲೂಗಡ್ಡೆ ಕತ್ತಲಲ್ಲಿ, ಈರುಳ್ಳಿಯಿಂದ ದೂರ. ಬೆಳಕು ಬಿದ್ದು ಹಸಿರಾದ ಆಲೂಗಡ್ಡೇಲಿ ಸೊಲನೈನ್ ಅನ್ನೋ ವಿಷದ ಅಂಶ ಜಾಸ್ತಿಯಾಗಿರತ್ತೆ, ಬೇಯಿಸಿದ್ರೂ ಅದು ಹೋಗಲ್ಲ, ಸಂತೇಲೇ ಹಸಿರು ಬಣ್ಣದ್ದು ಕಂಡ್ರೆ ಬಿಟ್ಟುಬಿಡಿ. ಸೊಪ್ಪು ಒದ್ದೆ ಇದ್ದಾಗ್ಲೇ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಡೋರು ಯಾಕೆ ಹಾಗೆ ಮಾಡ್ತಾರೋ, ಅದು ಎರಡೇ ದಿನದಲ್ಲಿ ಲೋಳೆ ಆಗತ್ತೆ. ನೀರು ಆರಿಸಿ, ತೆಳು ಬಟ್ಟೆಲಿ ಸುತ್ತಿ.

ಇದೆಲ್ಲಕ್ಕಿಂತ ಮುಖ್ಯ ತಿನ್ನೋ ಸರದಿ. ಸಂತೆಯ ಮೊದಲ ಎರಡು ದಿನ ಎಲೆ, ಆಮೇಲೆ ಕಾಯಿ, ವಾರದ ಕೊನೆಗೆ ಗಡ್ಡೆ. ನಾವು ಮಾಡೋದು ಉಲ್ಟಾ, ಮೊದಲ ದಿನಾನೇ ಆಲೂಗಡ್ಡೆ ಪಲ್ಯ, ಯಾಕಂದ್ರೆ ಸೊಪ್ಪು ಬಿಡಿಸೋಕೆ ಬೇಜಾರು.

ಪ್ರಶ್ನೆ: "ನಮ್ಮ ತೋಟದ್ದೇ" ಅಂತಾರಲ್ಲ, ನಂಬೋದಾ?
— ಅನುಮಾನದ ಅಣ್ಣ

ಉತ್ತರ: ಒಬ್ಬರ ಮುಂದೆ ಮೂವತ್ತು ಥರ ತರಕಾರಿ ಇದ್ರೆ ಅವರು ವ್ಯಾಪಾರಿ, ರೈತರಲ್ಲ. ವ್ಯಾಪಾರಿ ಆಗಿರೋದು ತಪ್ಪೂ ಅಲ್ಲ. ಮೂರೋ ನಾಲ್ಕೋ ಬಗೆ ಮಾತ್ರ, ಗಾತ್ರ ಒಂದೇ ಥರ ಇಲ್ಲ, ಬೇರಲ್ಲಿ ಇನ್ನೂ ಮಣ್ಣಿದೆ ಅಂದ್ರೆ ನಂಬ್ಬಹುದು. "ಮುಂದಿನ ವಾರ ಏನು ತರ್ತೀರ" ಅಂತ ಕೇಳಿ ನೋಡಿ. ಬೆಳೆಯೋರು ಗಿಡದ ಲೆಕ್ಕದಲ್ಲಿ ಉತ್ತರ ಹೇಳ್ತಾರೆ, "ಇನ್ನೂ ಹೂವಿದೆ, ಎರಡು ವಾರ ಬೇಕು" ಅಂತ.

ಪ್ರಶ್ನೆ: ಎಲ್ರೂ ಸಂತೆನ ಹೊಗಳ್ತಾರೆ, ನಮ್ಮ ಮನೆ ಬಾಗಿಲಲ್ಲೇ ಅದು ಸೇರೋದು. ಅವತ್ತು ಗಾಡಿ ಹೊರಗೆ ತೆಗೆಯೋ ಹಾಗಿಲ್ಲ, ಬೆಳಗಿನ ಜಾವದಿಂದ ಗಲಾಟೆ, ರಾತ್ರಿ ಕೊಳೆತ ವಾಸನೆ. ಹಾರ್ಟ್ ಪೇಷೆಂಟ್ ಇರೋ ಮನೆ ನಮ್ಮದು. ಇದನ್ನ ಎತ್ತಿಸೋಕೆ ಏನು ಮಾಡ್ಬೇಕು?
— ಸಂತೆ ಬೀದಿಯ ನಿವಾಸಿ

ಉತ್ತರ: ನಿಮ್ಮ ಕಾಗದ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ವಾರಕ್ಕೊಂದು ಗಂಟೆ ಬಂದು ಚೀಲ ತುಂಬಿಸ್ಕೊಂಡು ಹೋಗೋ ನನ್ನಂಥವರಿಗೆ ಸಂತೆ ಚೆಂದ, ಇಡೀ ದಿನ ಅದರೊಳಗೇ ಇರೋರಿಗೆ ಬೇರೆ.

ಆದ್ರೆ ಎತ್ತಿಸೋದು ಅನ್ನೋ ಮಾತು ಬಿಡಿ ಅಂತೀನಿ. ಒಂದು ಬೀದಿಯಿಂದ ಎತ್ತಿಸಿದ ಸಂತೆ ಎರಡು ಬೀದಿ ಆಚೆ ಇನ್ನೊಬ್ಬ ಪೇಷೆಂಟ್ ಮನೆ ಮುಂದೆ ಸೇರತ್ತೆ, ಅದೂ ಯಾವ ಕಟ್ಟುಪಾಡೂ ಇಲ್ದೇ. ನೀವು ಹೇಳಿದ ಮೂರು ಕಷ್ಟಾನೂ ಬಿಡಿಸಿ ನೋಡಿ, ಮೂರೂ ಬೇರೆ ಬೇರೆ. ದಾರಿದು ಮೊದಲು, ಯಾಕಂದ್ರೆ ಅದು ಜೀವದ ಪ್ರಶ್ನೆ. ಎರಡು ಸಾಲು ಅಂಗಡಿ ಮಧ್ಯೆ ಆಂಬುಲೆನ್ಸ್ ನುಗ್ಗೋಷ್ಟು ಜಾಗ ಇರ್ಲೇಬೇಕು, ರಸ್ತೆ ಮೇಲೆ ಬಣ್ಣದ ಗೆರೆ ಎಳೆಸಿ, ಟಾರ್ಪಾಲ್ ಹಗ್ಗ ದಾರಿಗೆ ಅಡ್ಡ ಕಟ್ಟದ ಹಾಗೆ ನೋಡ್ಕೊಳ್ಳಿ. ಇದನ್ನ ಒಬ್ಬರೇ ಹೋಗಿ ಕೂಗಾಡಿದ್ರೆ ಆಗಲ್ಲ, ಬೀದಿಯವರು ನಾಲ್ಕು ಜನ, ಸಂತೆಯವರು ನಾಲ್ಕು ಜನ ಕೂತು ಮಾತಾಡಿ ಆಮೇಲೆ ನಗರಾಡಳಿತಕ್ಕೆ ಬರೆದು ಕೊಟ್ರೆ ಆಗತ್ತೆ. ನಿಮ್ಮ ಮನೆ ಮುಂದೆ ಕೂರೋರಿಗೆ ಪೇಷೆಂಟ್ ವಿಷಯ ಬಾಯಿಬಿಟ್ಟು ಹೇಳಿದೀರಾ? ಎಷ್ಟೋ ಸಲ ಯಾರೂ ಹೇಳಿರೋದೇ ಇಲ್ಲ. ಗಾಡಿ ಹಿಂದಿನ ರಾತ್ರೀನೇ ಪಕ್ಕದ ಬೀದೀಲಿ ಬಿಡೋದು ರಗಳೆ, ಒಪ್ತೀನಿ, ಆದ್ರೆ ಸದ್ಯಕ್ಕೆ ಅದು ನಿಮ್ಮ ಕೈಯಲ್ಲಿರೋದು.

ವಾಸನೆ ಸಂತೆಯದ್ದಲ್ಲ, ಸಂತೆ ಮುಗಿದ ಮೇಲೆ ಉಳಿಯೋ ಕಸದ್ದು. ಸೊಪ್ಪು ತರಕಾರಿ ಕಸ ಅಂದ್ರೆ ಬಹುಪಾಲು ನೀರು, ಅವತ್ತೇ ಬೇರೆ ಮಾಡಿ ತಗೊಂಡು ಹೋದ್ರೆ ಒಣ ಎಲೆ ಜೊತೆ ಸೇರಿ ಒಳ್ಳೇ ಗೊಬ್ಬರ ಆಗತ್ತೆ, ಪ್ಲಾಸ್ಟಿಕ್ ಜೊತೆ ಕಲಸಿ ಮೂಲೇಲಿ ಗುಡ್ಡೆ ಹಾಕಿದ್ರೆ ನೀವು ಹೇಳೋ ವಾಸನೆ. ಬ್ರೆಜಿಲ್‌ನ ಸಾವ್ ಪಾಲೊ ಅನ್ನೋ ಮಹಾನಗರದಲ್ಲಿ ಬೀದಿ ಸಂತೆಗಳನ್ನ 1914ರಲ್ಲೇ ನಗರಾಡಳಿತ ನಿಯಮದೊಳಗೆ ತಂತು. ಯಾವ ದಿನ ಯಾವ ಬೀದಿ ಅಂತ ಗೊತ್ತುಮಾಡಿರತ್ತೆ, ಮಧ್ಯಾಹ್ನದ ಮೇಲೆ ಅಂಗಡಿ ಎತ್ತಿದ ಮೇಲೆ ಕಸ ಗುಡಿಸಿ ಬೀದಿ ತೊಳೆಯೋದೂ ವ್ಯವಸ್ಥೆಯ ಭಾಗಾನೇ. ನೀವು ಕೇಳ್ಬೇಕಾದ್ದು ಇದನ್ನ: ಮುಗಿಯೋ ಟೈಮ್ ಇಷ್ಟು, ಅದಾದ ಒಂದು ಗಂಟೆಯೊಳಗೆ ಬೀದಿ ಖಾಲಿ, ಖಾಲಿಯಾದ ತಕ್ಷಣ ಕಸದ ಗಾಡಿ. ಬೆಳಗಿನ ಜಾವದ ಗಲಾಟೆ ಮಾತ್ರ ಪೂರ್ತಿ ನಿಲ್ಲಲ್ಲ, ಕಬ್ಬಿಣದ ಕಂಬಿ ಇಳಿಸೋ ಸದ್ದಿಗೆ ನನ್ನ ಹತ್ರಾನೂ ಮದ್ದಿಲ್ಲ. ಪೇಷೆಂಟ್ ಮಲಗೋ ಕೋಣೆನ ಹಿಂಭಾಗಕ್ಕೆ ಬದಲಾಯಿಸೋಕಾಗತ್ತಾ ನೋಡಿ.

ಪ್ರಶ್ನೆ: ಸಂತೇಲಿ ರೀಲ್ಸ್ ಮಾಡ್ಬಹುದಾ? ಕಲರ್ ಸೂಪರ್ ಇರತ್ತೆ.
— ಕ್ಯಾಮೆರಾ ಹುಡುಗಿ

ಉತ್ತರ: ಮೊದಲು ಏನಾದ್ರೂ ತಗೊ, ಆಮೇಲೆ ಕೇಳು, ಹೂಂ ಅಂದ್ರೆ ಮಾಡು. ಬೆಳಗ್ಗೆ ರಶ್ ಹೊತ್ತಲ್ಲಿ ದಾರಿ ಮಧ್ಯೆ ನಿಂತು ಮಾಡ್ಬೇಡ, ಹಿಂದೆ ಎರಡು ಚೀಲ ಹೊತ್ತಿರೋ ನಾನು ಬರ್ತಿರ್ತೀನಿ.